ಬರಿಗಲ್ಲಿಗೆ ಮೊದಲು ಬಂದ ಜೀವ

ವಿಜಯಪುರ ಜಿಲ್ಲೆಯ ಡೋಣಿ ಸಾಲಿನ ಆ ರೈತರಿಗೆ ಎಪ್ಪತ್ತು ದಾಟಿತ್ತು. ಕ್ಯಾಲಿಫೋರ್ನಿಯಾದಲ್ಲಿ ಇಂಜಿನಿಯರ್ ಆಗಿರುವ ಮಗ ಎರಡು ತಿಂಗಳ ಮಟ್ಟಿಗೆ ತಂದೆಯನ್ನು ಕರೆಸಿಕೊಂಡಿದ್ದ. ರಜೆಯಲ್ಲಿ ಅವರನ್ನೂ ಹತ್ತನೆಯ ತರಗತಿಯ ಮಗಳನ್ನೂ ಹವಾಯಿ ದ್ವೀಪಕ್ಕೆ ಕರೆದೊಯ್ದ. ಊರಿನ ಎರಿ ಹೊಲವನ್ನು ಸೈಟು ಮಾಡುವವರಿಗೆ ಕೊಟ್ಟುಬಿಡುವ ಮಾತನ್ನು ಈ ಪ್ರವಾಸದಲ್ಲೇ ಎತ್ತಬೇಕೆಂದು ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ.

ಕಿಲಾವೆಯಾ ಜ್ವಾಲಾಮುಖಿಯ ಇಳಿಜಾರಿನಲ್ಲಿ 1969ರಿಂದ 1974ರವರೆಗೆ ಹರಿದ ಲಾವಾ ಈಗ ಕಲ್ಲಿನ ಬಯಲಾಗಿದೆ. ಕೆಲವೆಡೆ ಹಗ್ಗದ ಸುರುಳಿಯಂತೆ, ಕೆಲವೆಡೆ ಒಡೆದ ಗಾಜಿನಂತೆ ಚೂಪು. ಎತ್ತ ನೋಡಿದರೂ ಕಪ್ಪು. ಬೆಂಕಿ ಕಾಣಬಹುದೆಂದು ಬಂದಿದ್ದ ಹುಡುಗಿಗೆ ಅಂದು ಕಾಣಲಿಲ್ಲ, ಮುಖ ಸಪ್ಪಗಾಯಿತು.

“ಇಲ್ಲೇನೈತಿ ಅಂತ ಇಷ್ಟು ದೂರ ಬಂದ್ವಿ? ಒಂದು ಹುಲ್ಲಕಡ್ಡಿ ಇಲ್ಲ” ಎಂದರು ಅಜ್ಜ.

ಉದ್ಯಾನದ ಸಿಬ್ಬಂದಿಯೊಬ್ಬರು ಪ್ರವಾಸಿಗರಿಗೆ ವಿವರಿಸುತ್ತಿದ್ದರು. ಹುಡುಗಿ ಅದನ್ನು ಅಜ್ಜನಿಗೆ ಕನ್ನಡದಲ್ಲಿ ಹೇಳತೊಡಗಿದಳು. ಹೇಳುತ್ತ ಹೇಳುತ್ತ ತಾನೇ ನಿಂತುಬಿಟ್ಟಳು. ಲಾವಾ ಆರಿದ ಕೆಲವೇ ತಿಂಗಳಲ್ಲಿ, ಒಂದು ಗಿಡವೂ ಚಿಗುರುವ ಮೊದಲೇ, ಅಲ್ಲಿಗೆ ಒಂದು ಜಾತಿಯ ಚಿಮ್ಮುಂಡೆ ಬಂದು ನೆಲೆಸುತ್ತದಂತೆ! ಹಗಲು ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಹಸಿರು ಗಿಡ ಮೊದಲು, ಅದನ್ನು ತಿನ್ನುವ ಪ್ರಾಣಿ ಆಮೇಲೆ ಎಂದಲ್ಲವೇ ಅವಳು ಪಾಠದಲ್ಲಿ ಓದಿದ್ದು?

“ಅಜ್ಜಾ, ಗಿಡವೇ ಇಲ್ಲದಿದ್ದರೆ ಅದು ತಿನ್ನೋದು ಏನನ್ನ?”

ಅಜ್ಜನಿಗೆ ಉತ್ತರ ತಡವಾಗಲಿಲ್ಲ. “ಗಾಳಿ ಸುಮ್ನ ಬರತೈತೇನವ್ವ? ರಾಶಿ ಮಾಡೂ ಮುಂದ ನಮ್ಮ ಕಣದ ಹೊಟ್ಟು ಎಲ್ಲೆಲ್ಲಿಗೆ ಹೋಗತೈತಿ ನೋಡೀಯಿಲ್ಲೋ?”

ಅವರ ಊಹೆ ಸರಿಯಾಗಿತ್ತು. ದೂರದ ಕಾಡಿನಿಂದ ಗಾಳಿ ಹೊತ್ತು ತರುವ ಎಲೆಯ ಚೂರು, ಸತ್ತ ಹುಳುಗಳೇ ಅದರ ಆಹಾರ. ಪಾಠ ಸುಳ್ಳಲ್ಲ, ಆ ಎಲೆಯೂ ಎಲ್ಲೋ ಒಂದು ಹಸಿರು ಗಿಡದ್ದೇ. ಗಿಡ ಅಲ್ಲಿ, ಊಟ ಇಲ್ಲಿ, ಅಷ್ಟೇ. ಇನ್ನೂ ಸೋಜಿಗವೆಂದರೆ, ಬಯಲಿನಲ್ಲಿ ಗಿಡಗಳು ತುಂಬಿಕೊಂಡೊಡನೆ ಈ ಚಿಮ್ಮುಂಡೆ ಮಾಯವಾಗುತ್ತದೆ.

ಮುಂದಿನ ದಾರಿ ಮಳೆಕಾಡಿನೊಳಗಿನ ಲಾವಾ ಸುರಂಗಕ್ಕೆ. ಹರಿಯುವ ಲಾವಾದ ಮೇಲ್ಪದರ ಮೊದಲು ಗಟ್ಟಿಯಾಗಿ, ಒಳಗಿನದು ಮುಂದಕ್ಕೆ ಹರಿದುಹೋದಾಗ ಇಂಥ ಕೊಳವೆ ಉಳಿಯುತ್ತದೆ. ಮೇಲಿನ ಓಹಿಯಾ ಮರಗಳ ಬೇರುಗಳು ಬಿರುಕುಗಳಲ್ಲಿ ಇಳಿದು ಒಳಗೆ ಜೋತಾಡುತ್ತವೆ. ಕೆಂಪು ಕುಂಚದಂಥ ಹೂ ಬಿಡುವ ಈ ಮರ ನಮ್ಮ ನೇರಳೆಯ ಕುಟುಂಬಕ್ಕೆ ಸೇರಿದ್ದು.

ವಯಸ್ಸಿನಲ್ಲಿ ತೀರ ಎಳೆಯವಾದ ಇಂಥ ದ್ವೀಪಗಳ ಗುಹೆಗಳಲ್ಲಿ ಕುರುಡು ಜೀವಿಗಳು ರೂಪುಗೊಂಡಿರಲಾರವು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1971ರಲ್ಲಿ ಫ್ರಾನ್ಸಿಸ್ ಹೊವಾರ್ತ್ ಎಂಬ ಕೀಟವಿಜ್ಞಾನಿ ಹವಾಯಿಯ ಲಾವಾ ಸುರಂಗಗಳೊಳಗೆ ಹೋಗಿ ಹುಡುಕಿದರು. ಅಲ್ಲಿ ಕಣ್ಣು ಕಾಣದ ಜಿಗಿಹುಳುಗಳಿದ್ದವು! ಅವು ಓಹಿಯಾ ಬೇರಿನ ರಸ ಹೀರುತ್ತವೆ. ಆ ಬೇರನ್ನೇ ಕಂಪಿಸಿ ಕತ್ತಲಲ್ಲಿ ಜೊತೆಗಾರರಿಗೆ ಸುದ್ದಿ ಕಳಿಸುತ್ತವೆ. ಮೇಲಿನ ಮರ ಸತ್ತರೆ ಕೆಳಗಿನ ಸಂಸಾರವೂ ಮುಗಿದಂತೆ. 2014ರಲ್ಲಿ ಗುರುತಿಸಿದ ಒಂದು ಶಿಲೀಂಧ್ರ ರೋಗ ಈ ಮರಗಳನ್ನು ಭಾರಿ ಸಂಖ್ಯೆಯಲ್ಲಿ ಕೊಂದಿದೆ. ಅದು ಬೂಟಿನ ಮಣ್ಣಿನಲ್ಲೂ ಹರಡಬಹುದಾದ್ದರಿಂದ ಕಾಡು ಹೊಗುವಾಗ ಬೂಟನ್ನು ಉಜ್ಜಿಕೊಳ್ಳಬೇಕು.

ಅಜ್ಜ ಬಗ್ಗಿ ಶ್ರದ್ಧೆಯಿಂದ ಉಜ್ಜಿಕೊಂಡರು. “ಗುಡಿಗೆ ಹೋಗೂ ಮುಂದ ಕಾಲು ತೊಳಕೊಂಡಂಗ” ಎಂದರು.

ಮರಳುವಾಗ ಕಾರಿನಲ್ಲಿ ಹುಡುಗಿ ಕೇಳಿದಳು: “ಅಜ್ಜಾ, ನಮ್ಮ ಹೊಲದ ಅಡಿಯಲ್ಲೂ ಇಂಥದೇ ಕಲ್ಲು ಇದೆ, ಗೊತ್ತಾ?” ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಉಕ್ಕಿದ ಲಾವಾ, ಈಗಿನ ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ್ ಭಾಗಗಳವರೆಗೂ ಹರಡಿತ್ತು. ಆ ಕಪ್ಪುಕಲ್ಲು ಬಿಸಿಲು ಮಳೆಗೆ ಸವೆದು, ಜೀವಿಗಳ ಕಸಕಡ್ಡಿ ಬೆರೆತು ಆದದ್ದೇ ಎರಿ ಮಣ್ಣು.

ಅಜ್ಜ ಬಹಳ ಹೊತ್ತು ಕಿಟಕಿಯಾಚೆಯ ಬಯಲನ್ನೇ ನೋಡಿದರು. ಐವತ್ತು ವರ್ಷ ಕಳೆದರೂ ಅಲ್ಲಿ ಬಿರುಕಿಗೊಂದು ಹಸಿರು ಕುಡಿ ಅಷ್ಟೇ. ನೇಗಿಲು ಇಳಿಯುವಷ್ಟು ಮಣ್ಣಾಗಲು ಇನ್ನೆಷ್ಟು ಕಾಲ ಬೇಕು?

ಆ ರಾತ್ರಿ ಊಟದ ನಂತರ ಮಗ ಹೊಲದ ಮಾತು ತೆಗೆದ. ಬರುವ ಹಣದ ಲೆಕ್ಕವನ್ನೂ ಹೇಳಿದ. ತಂದೆ ಸಿಟ್ಟಾಗಲಿಲ್ಲ.

“ಲೆಕ್ಕ ಬರೋಬ್ಬರಿ ಐತಿ, ತಮ್ಮಾ. ಆದ್ರ ಆ ಮಣ್ಣು ಆಗಾಕ ಹಿಡದ ವರ್ಷ ಅದರಾಗ ಸೇರಿಲ್ಲ.”

ಹೊಲದ ಮಾತು ಅಲ್ಲಿಗೇ ನಿಂತಿತು. ಹುಡುಗಿ ಮಾತ್ರ ಕೈದೀಪ ಹಿಡಿದು ಅಜ್ಜನ ಮುಂದೆ ಬಂದು ನಿಂತಳು. ಅವಳಿಗೆ ಚಿಮ್ಮುಂಡೆ ನೋಡಬೇಕಿತ್ತು.