ಕಬ್ಬಿನ ಕಟ್ಟು ಮತ್ತು ಒಂದು ಟಿ.ಸಿ.

ಶಾಲೆ ತೆರೆಯುವ ಹೊತ್ತು ಎಂದರೆ ನಮಗೆ ಟಿ.ಸಿ. ಬರೆಯುವ ಹೊತ್ತು. ಹೊಸ ಹೆಸರು ಸೇರಿಸಿಕೊಳ್ಳುವುದಕ್ಕಿಂತ ಹಳೆಯ ಹೆಸರು ಹೊಡೆದುಹಾಕುವ ಕೆಲಸವೇ ಹೆಚ್ಚು. ಈ ಸಲ ಮೊದಲು ಬಂದವರು ಐದನೇ ತರಗತಿ ಮುಗಿಸಿದ ಹುಡುಗನೊಬ್ಬನ ಅಪ್ಪ. ಹುಡುಗ ಜಾಣ. ಕನ್ನಡದಲ್ಲಿ ಮುತ್ತಿನಂಥ ಅಕ್ಷರ. ಯಾಕೆ ಬಿಡಿಸುತ್ತೀರಿ ಎಂದು ಕೇಳಿದೆವು.

"ಏನ್ ಮಾಡದು ಮೇಷ್ಟ್ರೇ, ನಮ್ ಕೈಲಿ ಏನದೆ?" ಎಂದರು.

ನಮಗೆ ಸಿಟ್ಟು ಬಂತು. ಕೈಲಿ ಏನಿಲ್ಲ? ಅರ್ಜಿ ಬರೆದದ್ದು ಅದೇ ಕೈಯಲ್ಲವೇ? ಮುಂದಿನ ವಾರ ಬನ್ನಿ ಎಂದು ಕಳಿಸಿದೆವು. ಆಮೇಲೆ ಯೋಚಿಸಿದರೆ ಅವರ ಮಾತೂ ಸುಳ್ಳಲ್ಲ. ತಾಳವಾಡಿ ಸೀಮೆಯ ನಾವು ಕನ್ನಡಿಗರು, ಇರುವುದು ತಮಿಳುನಾಡಿನಲ್ಲಿ. 1956ರಲ್ಲಿ ಗೆರೆ ಎಳೆದಾಗ ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಉಳಿದೆವು. ನಮ್ಮ ತಾತಂದಿರನ್ನು ಯಾರೂ ಕೇಳಲಿಲ್ಲ. 2006ರ ಕಾಯಿದೆಯಿಂದ ಶಾಲೆಯಲ್ಲಿ ತಮಿಳು ಕಡ್ಡಾಯ ವಿಷಯವಾಯಿತು. 2021ರಲ್ಲಿ ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೂ ತಮಿಳು ಪತ್ರಿಕೆ ಕಡ್ಡಾಯವಾಯಿತು. ಇಷ್ಟೆಲ್ಲ ಆದ ಮೇಲೆ ಒಬ್ಬ ಅಪ್ಪ ಮಗನನ್ನು ತಮಿಳು ಮಾಧ್ಯಮಕ್ಕೆ ಹಾಕಿದರೆ ಅದು ಅವರ ಆಯ್ಕೆಯೋ, ಅಥವಾ ಮೊದಲೇ ಆಗಿಹೋದ ತೀರ್ಮಾನಕ್ಕೆ ಅವರು ಹಾಕಿದ ರುಜುವೋ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇವೆ, ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ನಾವು ಗಂಡ-ಹೆಂಡತಿ ಇಬ್ಬರೂ ಕನ್ನಡ ಮಾಧ್ಯಮದ ಶಿಕ್ಷಕರು. ನಮ್ಮ ಮಗಳು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಊರಿನವರಿಗೆಲ್ಲ ಇದು ಗೊತ್ತು. ಯಾರೂ ಎದುರಿಗೆ ಆಡುವುದಿಲ್ಲ, ಅಷ್ಟೇ.

ಇದೇ ತಲೆಬಿಸಿಯಲ್ಲಿರುವಾಗಲೇ ತೇವಾರಂಗೆ ಮದುವೆಗೆ ಹೋಗಬೇಕಾಯಿತು. ತರಬೇತಿ ಕಾಲದ ಗೆಳೆಯರ ಮನೆಯ ಮದುವೆ. ದಿಂಬಂ ಘಾಟಿಯ 27 ತಿರುವು ಇಳಿದು, ದಿಂಡಿಗಲ್ ದಾಟಿ, ತೇನಿ ಸೇರುವ ಹೊತ್ತಿಗೆ ಮೈಯೆಲ್ಲ ಹಣ್ಣಾಗಿತ್ತು. ಅಲ್ಲಿಂದ ಬೋಡಿ ಮೇಲೆ ತೇವಾರಂ. ಒಂದು ಪಕ್ಕ ತೆಂಗು, ಇನ್ನೊಂದು ಪಕ್ಕ ಗೋಡೆಯ ಹಾಗೆ ನಿಂತ ಪಶ್ಚಿಮ ಘಟ್ಟ. ಪಕ್ಕದ ಪೊಟ್ಟಿಪುರಂ ಬೆಟ್ಟದೊಳಗೆ ನ್ಯೂಟ್ರಿನೋ ಪ್ರಯೋಗಾಲಯ ಮಾಡಲು ಕೇಂದ್ರ 2015ರಲ್ಲಿ ಒಪ್ಪಿಗೆ ಕೊಟ್ಟಿತ್ತು, ಜನ ಬೇಡವೆಂದರು. ಗೆಳೆಯರು ಬಸ್ಸಿನ ಕಿಟಕಿಯಿಂದ ಆ ಬೆಟ್ಟ ತೋರಿಸಿದರು.

ಮದುವೆ ಮನೆಯಲ್ಲಿ ಕಿವಿ ನೆಟ್ಟಗಾಯಿತು. ಹೆಂಗಸರು ಒಳಗೆ ಕನ್ನಡ ಮಾತಾಡುತ್ತಿದ್ದರು! ಕಂಬಂ ಕಣಿವೆಯಲ್ಲಿ ಒಕ್ಕಲಿಗರು, ಕಪ್ಪಿಲಿಯರು ಎಂದು ಕನ್ನಡ ಮನೆಮಾತಿನವರು ಇದ್ದಾರೆ ಎಂದು ಓದಿದ್ದೆವು, ಕೇಳಿರಲಿಲ್ಲ. ತುಂಗಭದ್ರೆಯ ದಡದಿಂದ ಬಂದವರು ಎಂದು ಕಪ್ಪಿಲಿಯರ ಹೇಳಿಕೆ. 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್ ಅವರ ಪುಸ್ತಕದಲ್ಲೂ ಅದು ದಾಖಲಾಗಿದೆ. ಓದುವುದು ಬರೆಯುವುದು ಎಲ್ಲ ತಮಿಳು. ಕನ್ನಡ ಅಕ್ಷರ ಕಂಡವರೇ ಆ ಮನೆಯಲ್ಲಿ ಇರಲಿಲ್ಲ. ಆದರೂ ಮಾತು ಉಳಿದಿದೆ, ತಲೆಮಾರುಗಳ ಕಾಲ.

ಒಬ್ಬ ಅಜ್ಜಿ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಕನ್ನಡವನ್ನು ಹಾಗೆಯೇ ಬರೆಯಲು ನಮಗೆ ಬಾರದು, ತಮಿಳಿನ ರಾಗ, ನಡುನಡುವೆ ತಮಿಳಿನ ಪದ. ಅರ್ಥ ಮಾತ್ರ ನಮ್ಮ ಮಾತಿನಲ್ಲಿ ಕೊಡುತ್ತೇವೆ. "ಅಜ್ಜಿ, ಇಷ್ಟು ವರ್ಷ ಕನ್ನಡ ಹೇಗೆ ಉಳಿಸಿಕೊಂಡಿರಿ?" ಎಂದು ನಾವು ಬಹಳ ಗೌರವದಿಂದ ಕೇಳಿದೆವು. ನಾಲ್ಕು ಜನಕ್ಕೆ ಹೇಳುವಂಥ ಉತ್ತರ ಸಿಗುತ್ತದೆ ಎಂಬ ಆಸೆ. ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಉಳಿಸೋದು ಏನು? ಅತ್ತೆ ಹೀಗೆ ಮಾತಾಡಿದರು, ನಾನೂ ಮಾತಾಡಿದೆ" ಎಂದರು. ಮೊಮ್ಮಕ್ಕಳು? "ಅವಕ್ಕೆ ತಮಿಳೇ ಬಾಯಿಗೆ ಬರುತ್ತೆ. ಬೈದರೆ ಕನ್ನಡ ಗೊತ್ತಾಗುತ್ತೆ."

ಉಳಿಸುತ್ತೇವೆಂದು ಅಲ್ಲಿ ಯಾರೂ ನಿರ್ಧರಿಸಿರಲಿಲ್ಲ, ಈಗ ಬಿಡುತ್ತೇವೆಂದೂ ಯಾರೂ ನಿರ್ಧರಿಸುತ್ತಿಲ್ಲ. ನಮಗೆ ಪೆಚ್ಚಾಯಿತು.

ಆಮೇಲೆ ದನದ ಮಾತು ಬಂತು. ಕಂಬಂನಲ್ಲಿ ದೇವರ ಹೆಸರಿನ ದನದ ಹಿಂಡಿದೆ. ಕನ್ನಡ ಸೀಮೆಯಿಂದ ಬರುವಾಗ ಹಿರಿಯರು ಹೊಡೆದುಕೊಂಡು ಬಂದ ದನಗಳ ಸಂತತಿ ಎಂದು ನಂಬಿಕೆ. 1906ರ ಮದುರೆ ಜಿಲ್ಲಾ ಗೆಜೆಟಿಯರಿನಲ್ಲಿ ಇದರ ವಿವರ ಇದೆ. ಆ ಹಸುಗಳ ಹಾಲು ಕರೆಯುವಂತಿಲ್ಲ, ಸತ್ತರೆ ಮಣ್ಣು ಮಾಡಬೇಕು. ಹಿಂಡಿಗೊಂದು ಪಟ್ಟದ ಹೋರಿ. ಅದು ಸತ್ತರೆ ಒಳ್ಳೆಯ ದಿನ ನೋಡಿ ಹಿಂಡನ್ನೆಲ್ಲ ಸೇರಿಸಿ, ಪೂಜೆ ಮಾಡಿ, ಮುಂದೆ ಒಂದು ಕಬ್ಬಿನ ಕಟ್ಟು ಇಡುತ್ತಾರೆ. ಜನ ಉಸಿರು ಹಿಡಿದು ನೋಡುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದೇ ಹೊಸ ಪಟ್ಟದ ಹೋರಿ. ಇವುಗಳಿಗೆ 'ಆವು' ಎನ್ನುವ ಮಾತಿದೆ. ನಮಗೆ ಹಳೆಯ ಕಾವ್ಯ ಪಾಠ ಮಾಡುವಾಗ ಮಾತ್ರ ಎದುರಾಗುವ ಪದ!

"ಹೋರಿಗೆ ಗೊತ್ತಿರುತ್ತಾ ಅಜ್ಜಿ, ಕಬ್ಬು ತಿಂದರೆ ಪಟ್ಟ ಸಿಗುತ್ತೆ ಅಂತ?"

"ಅದಕ್ಕೆ ಹಸಿವು ಗೊತ್ತು. ಪಟ್ಟ ನಮಗೆ ಗೊತ್ತು."

ವಾಪಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಇದನ್ನೇ ಜಗಿದೆವು. ಮನುಷ್ಯ ಹೋರಿಯಲ್ಲ, ಅವನಿಗೆ ಕಬ್ಬೂ ಗೊತ್ತು, ಪಟ್ಟವೂ ಗೊತ್ತು ಎಂದು ಒಬ್ಬರ ವಾದ. ಹಾಗೆಂದು ನಾವು ಅಂದುಕೊಂಡಿದ್ದೇವೆ, ಅಷ್ಟೇ ಎಂದು ಇನ್ನೊಬ್ಬರದು. 1983ರಲ್ಲಿ ಬೆಂಜಮಿನ್ ಲಿಬೆಟ್ ಎಂಬ ಅಮೆರಿಕದ ವಿಜ್ಞಾನಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನಿಮಗೆ ಬೇಕೆನಿಸಿದಾಗ ಮಣಿಕಟ್ಟು ಮಡಿಸಿ, ಬೇಕೆನಿಸಿದ ಕ್ಷಣವನ್ನು ಗಡಿಯಾರ ನೋಡಿ ಹೇಳಿ ಎಂದರು. ಬೇಕೆಂಬ ಅರಿವು ಮೂಡುವ ಸುಮಾರು ಮೂರನೇ ಒಂದು ಸೆಕೆಂಡು ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿತ್ತು. ನೋಡಿದಿರಾ, ಸ್ವಂತ ಇಚ್ಛೆ ಎಂಬುದೇ ಇಲ್ಲ ಎಂದು ಹಲವರು ಬರೆದರು. ಲಿಬೆಟ್ ಹಾಗೆ ಅನ್ನಲಿಲ್ಲ. ಎದ್ದ ಇಚ್ಛೆಯನ್ನು ಕೊನೆಯ ಗಳಿಗೆಯಲ್ಲಿ ತಡೆಯಲು ನಮಗೆ ಎಡೆ ಇದೆ ಎಂದರು. 2012ರಲ್ಲಿ ಬೇರೆ ವಿಜ್ಞಾನಿಗಳು ಆ 'ತಯಾರಿ'ಯನ್ನೇ ಪ್ರಶ್ನಿಸಿದರು, ಅದು ಮಿದುಳಿನ ಸಹಜ ಏರಿಳಿತ ಇರಬಹುದು ಎಂದರು. ಜಗಳ ಮುಗಿದಿಲ್ಲ. ನಮ್ಮ ಮಧ್ವಾಚಾರ್ಯರ ಮತದಲ್ಲಿ ಇದಕ್ಕೆ ಬೇರೆಯೇ ದಾರಿ. ಸ್ವತಂತ್ರ ಎಂಬುವವನು ಹರಿಯೊಬ್ಬನೇ, ಜೀವಕ್ಕೆ ಇರುವುದು ಅವನು ಕೊಟ್ಟ ಸ್ವಾತಂತ್ರ್ಯ, ದತ್ತ ಸ್ವಾತಂತ್ರ್ಯ. ದೇವರ ಮಾತು ಬಲ್ಲವರಿಗೆ ಬಿಡೋಣ. ಆದರೆ 'ಕೊಟ್ಟಷ್ಟು ಸ್ವಾತಂತ್ರ್ಯ' ಎಂಬ ಮಾತು ಗಡಿನಾಡಿನ ಮೇಷ್ಟ್ರಿಗೆ ಬೇಗ ಅರ್ಥವಾಗುತ್ತದೆ.

ಮಣಿಕಟ್ಟು ಮಡಿಸುವುದಕ್ಕೂ ಮಗುವನ್ನು ಶಾಲೆಗೆ ಸೇರಿಸುವುದಕ್ಕೂ ಹೋಲಿಕೆ ಎಲ್ಲಿ, ಎಂದು ನೀವು ಕೇಳಬಹುದು. ಮಗಳ ವಿಷಯದಲ್ಲಿ ನಾವು ವಾರಗಟ್ಟಲೆ ಚರ್ಚೆ ಮಾಡಿದ್ದೆವು, ಒಂದು ಹಾಳೆಯಲ್ಲಿ ಲಾಭ-ನಷ್ಟ ಬರೆದಿದ್ದೆವು ಕೂಡ. ಈಗ ನೆನೆದರೆ ಹಾಳೆ ತೆಗೆಯುವ ಮುಂಚೆಯೇ ನಾವು ಆ ಶಾಲೆಯ ಸಮವಸ್ತ್ರದ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದೆವು. ಹಾಳೆ ಆಮೇಲಿನದು. ಬೇಡ ಎಂದು ತಡೆಯಲು ನಮಗೆ ಸಮಯ ಇತ್ತು. ಲಿಬೆಟ್ ಹೇಳಿದ ಸೆಕೆಂಡಲ್ಲ, ಪೂರ್ತಿ ಎರಡು ತಿಂಗಳು. ತಡೆಯಲಿಲ್ಲ. ಅದಕ್ಕೆ 1956ನ್ನಾಗಲಿ 2006ನ್ನಾಗಲಿ ದೂರುವಂತಿಲ್ಲ.

ಮನೆಗೆ ಬಂದ ರಾತ್ರಿ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಳು. ಮದುವೆ ಊಟ, ಅಜ್ಜಿ, ಹೋರಿ ಎಲ್ಲ ಹೇಳಿ, ಕೊನೆಗೆ ಕೇಳಿಯೇಬಿಟ್ಟೆವು. ನಿನ್ನನ್ನು ಕೇಳದೆ ಆ ಶಾಲೆಗೆ ಹಾಕಿದ್ದಕ್ಕೆ ಬೇಜಾರಿದೆಯಾ?

"ಕೇಳಿದ್ರಲ್ಲ!" ಎಂದು ನಕ್ಕಳು. "ಇಬ್ಬರೂ ಕರ್ಕೊಂಡು ಹೋಗಿ, ಈ ಸ್ಕೂಲು ಬೇಕಾ ಅಂತ ಕೇಳಿದ್ರಿ. ನಾನು ಹೂಂ ಅಂದೆ. ಅಲ್ಲಿ ಜಾರುಬಂಡಿ ಇತ್ತು."

ಆ ಜಾರುಬಂಡಿ ನಮಗೆ ನೆನಪೇ ಇರಲಿಲ್ಲ.

ಸೋಮವಾರ ಆ ಹುಡುಗನ ಅಪ್ಪ ಟಿ.ಸಿ.ಗೆ ಬರುತ್ತಾರೆ. ಬರುವಾಗ ಹುಡುಗನನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದ್ದೇವೆ. ಅವನು ಬಂದು ಎದುರಿಗೆ ನಿಂತರೆ ಏನು ಕೇಳಬೇಕೆಂದು ಇನ್ನೂ ಹೊಳೆದಿಲ್ಲ.