ಕೋಡುಬಳೆ ಡಬ್ಬಿ ಮತ್ತು ಮೂರು ಜೆಲ್ ಪೊಟ್ಟಣ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಗೊಂದು ಪುಟ್ಟ ಪಾರ್ಸೆಲ್ ಬಂತು. ಒಂಬತ್ತನೇ ತರಗತಿಯಲ್ಲಿ ಓದುವ ಮೊಮ್ಮಗ ಓಡಿಬಂದು ಬಿಡಿಸಿದ. ಒಳಗೆ ಶಾಂಪೂ ಪೊಟ್ಟಣದಂಥವು ಮೂರಿದ್ದವು.

"ಏನೋ ಪುಟ್ಟ ಇದು?"

"ಎನರ್ಜಿ ಜೆಲ್ ತಾತ. ಮೇಲುಕೋಟೆಗೆ ಸೈಕಲ್‌ನಲ್ಲಿ ಹೋಗ್ತೀವಲ್ಲ, ದಾರೀಲಿ ತಿನ್ನೋಕೆ."

"ಎಷ್ಟಾಯ್ತು?"

"ಮೂರಕ್ಕೆ ಮುನ್ನೂರ ಅರವತ್ತು."

ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದವನು ನಾನು. ಕನ್ನಡಕ ಹಾಕಿಕೊಂಡು ಪೊಟ್ಟಣದ ಬೆನ್ನು ಓದಿದೆ. ತೂಕ 32 ಗ್ರಾಂ. ಅದರಲ್ಲಿ ಶರ್ಕರಪಿಷ್ಟ 22 ಗ್ರಾಂ. ಉಳಿದದ್ದು ನೀರು, ಚೂರು ಉಪ್ಪು, ಹಣ್ಣಿನ ಪರಿಮಳ. "ಲೋ, ಒಂದು ಪಚ್ಚಬಾಳೆಹಣ್ಣಿನಲ್ಲಿ ಹೆಚ್ಚುಕಡಿಮೆ ಇಷ್ಟೇ ಇರುತ್ತೆ. ಹತ್ತು ರೂಪಾಯಿ ಕೊಟ್ಟರೆ ಸಿಗುತ್ತೆ. ನೂರ ಹತ್ತು ರೂಪಾಯಿ ಬರೀ ಪ್ಲಾಸ್ಟಿಕ್‌ಗೆ ಕೊಟ್ಟೆಯಲ್ಲೋ!" ಎಂದೆ. ಅವನ ಮುಖ ಸಣ್ಣದಾಯಿತು. ನನಗೆ ಲೆಕ್ಕದಲ್ಲಿ ಗೆದ್ದ ಸಂತೋಷ.

ನಾನೇನು ಸೈಕಲ್ಲಿಗೆ ಹೊಸಬನಲ್ಲ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೂ ಶಾಖೆಗೆ ಸೈಕಲ್ಲಿನಲ್ಲೇ ಹೋಗಿ ಬಂದವನು. ಆಗ ಯಾವ ಜೆಲ್ ಇತ್ತು? ಕ್ಯಾರಿಯರಿಗೆ ಸಿಕ್ಕಿಸಿದ ಟಿಫಿನ್ ಡಬ್ಬಿಯೇ ಎಲ್ಲ. ಈಗಲೂ ಅಷ್ಟೇ ಎಂದುಕೊಂಡು ಹೆಂಡತಿಯ ಕೈಲಿ ಕೋಡುಬಳೆ, ಚಕ್ಕುಲಿ ಮಾಡಿಸಿ ದೊಡ್ಡ ಡಬ್ಬಿ ತುಂಬಿಸಿಕೊಂಡೆ. ಸಿಹಿ ಏನೂ ಬೇಡವೆಂದೆ. ನನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ರಾತ್ರಿ ಮಾತ್ರೆ. ನಮ್ಮ ಮನೆಯಲ್ಲಿ ಸಿಹಿ ಎಂದರೆ ನನ್ನ ಪಾಲಿಗೆ ಕಳ್ಳನಿದ್ದಂತೆ.

ಹೊರಡುವ ಹಿಂದಿನ ರಾತ್ರಿ ಮೊಮ್ಮಗ ನನಗೊಂದು ಪಾಠ ಮಾಡಿದ. ನಮ್ಮ ಮೈ ತಿಂದ ಸಕ್ಕರೆಯಲ್ಲಿ ಒಂದಷ್ಟನ್ನು ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದಂತೆ. ಎಲ್ಲ ಸೇರಿ ಸುಮಾರು 400ರಿಂದ 500 ಗ್ರಾಂ. ಜೋರಾಗಿ ಪೆಡಲ್ ತುಳಿದರೆ ಒಂದೂವರೆ, ಎರಡು ಗಂಟೆಗೆ ಅದು ತಳ ಕಾಣುತ್ತದೆ. ಹಾಗಾಗಿ ದೂರ ಹೋಗುವವರು ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಒಳಗೆ ಹಾಕುತ್ತಿರಬೇಕು.

ನನಗೆ ನನ್ನ ಭಾಷೆಯಲ್ಲಿ ಹೇಳಿಕೊಂಡರೆ ಬೇಗ ಅರ್ಥವಾಗುತ್ತದೆ. ಮೈಯಲ್ಲಿನ ಕೊಬ್ಬು ಫಿಕ್ಸೆಡ್ ಡಿಪಾಸಿಟ್ ಇದ್ದ ಹಾಗೆ. ಬೇಕಾದಷ್ಟಿದೆ, ಆದರೆ ಅವಸರಕ್ಕೆ ಪೂರ್ತಿ ಕೈಗೆ ಬರುವುದಿಲ್ಲ. ಗ್ಲೈಕೋಜನ್ ಉಳಿತಾಯ ಖಾತೆ. ಕೋಡುಬಳೆ, ಚಿಕ್ಕಿ ಚೆಕ್ ಇದ್ದ ಹಾಗೆ. ಎಣ್ಣೆ, ಕಡಲೆಕಾಯಿ ಇರುವುದರಿಂದ ನಗದಾಗುವುದು ನಿಧಾನ. ಜೆಲ್ ಜೇಬಿನ ನೋಟು. "ಸರಿ ಬಿಡು, ಚೆಕ್ಕಿಗೂ ಬೆಲೆ ಇದೆ" ಎಂದು ಮಲಗಿದೆ.

ಬೆಳಗ್ಗೆ ಐದೂವರೆಗೆ ಮೈಸೂರು ಬಿಟ್ಟೆವು. ಮೇಲುಕೋಟೆ ಸುಮಾರು 50 ಕಿಲೋಮೀಟರು. ಹೊರಡುವಾಗ ಮಾತ್ರೆ ನುಂಗಿ, ಸಕ್ಕರೆ ಹಾಕದ ಕಾಫಿ ಕುಡಿದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿದಾಗ ಬೆಳಕು ಹರಿದಿತ್ತು. ಪಾಂಡವಪುರದಲ್ಲಿ ಮೊಮ್ಮಗ ನಾಲ್ಕು ಇಡ್ಲಿ ತಿಂದ. "ತಾತ, ನೀವೂ ತಿನ್ನಿ" ಎಂದ. "ನನಗೀಗ ಬೇಡ, ಡಬ್ಬಿ ಇದೆಯಲ್ಲ" ಎಂದು ಇನ್ನೊಂದು ಕಾಫಿ ಕುಡಿದೆ. ನಿಜ ಹೇಳಬೇಕೆಂದರೆ, ಏನೂ ತಿನ್ನದೆ ತುಳಿಯಬಲ್ಲೆ ಎಂದು ಅವನಿಗೆ ತೋರಿಸುವ ಹಮ್ಮಿತ್ತು.

ಮುಂದೆ ರಸ್ತೆಯ ಎರಡೂ ಕಡೆ ಕಬ್ಬಿನ ಗದ್ದೆ. ಎಲ್ಲೋ ಆಲೆಮನೆಯಿಂದ ಬೆಲ್ಲದ ಪಾಕದ ಘಮ. ಜಕ್ಕನಹಳ್ಳಿ ಹತ್ತಿರವಾಗುತ್ತಿತ್ತು, ಅದಾದ ಮೇಲೆ ಬೆಟ್ಟದ ಏರು. ಆಗ ನನಗೆ ವಿಪರೀತ ಸಿಟ್ಟು ಬರತೊಡಗಿತು. ಮೊಮ್ಮಗ ಮುಂದೆ ಹೋದರೆ "ನನ್ನ ಬಿಟ್ಟು ಹೋಗ್ತೀಯಾ?" ಎಂದು ಗದರಿದೆ. ಹಿಂದೆ ಬಂದರೆ "ನನ್ನ ಕಾಯ್ತಾ ಇದೀಯಾ?" ಎಂದು ಗದರಿದೆ. ಅವನು ಸೈಕಲ್ ನಿಲ್ಲಿಸಿ ನನ್ನ ಮುಖವನ್ನೇ ನೋಡಿದ.

"ತಾತ, ಕೈ ಯಾಕೆ ನಡುಗ್ತಿದೆ?"

ನೋಡಿಕೊಂಡೆ. ಹ್ಯಾಂಡಲ್ ಮೇಲೆ ಕೈ ಗಡಗಡ ಎನ್ನುತ್ತಿತ್ತು. ಬೆನ್ನಿನ ಮೇಲೆ ತಣ್ಣನೆಯ ಬೆವರು. ಕಬ್ಬಿನ ಗದ್ದೆ ಮಸುಕಾಯಿತು. ಇಳಿಯಲು ಹೋಗಿ ಸೈಕಲ್ ಸಮೇತ ರಸ್ತೆ ಬದಿಯ ಮಣ್ಣಿಗೆ ಒರಗಿದೆ. ಅಷ್ಟಾದರೂ ನನ್ನ ಕೈ ಡಬ್ಬಿಗೇ ಹೋಯಿತು. ಒಂದು ಕೋಡುಬಳೆ ಬಾಯಿಗಿಟ್ಟೆ. ಬಾಯಿ ಒಣಗಿ ಅಗಿಯಲಾಗಲಿಲ್ಲ, ಉಗಿದೆ.

ಹುಡುಗ ಒಂದು ಮಾತೂ ಆಡಲಿಲ್ಲ. ಜೇಬಿನಿಂದ ಜೆಲ್ ತೆಗೆದು, ಮೂಲೆ ಹರಿದು, "ಚಪ್ಪರಿಸಿ ತಾತ, ಅಗಿಯೋದು ಬೇಡ" ಎಂದು ತುಟಿಗೆ ಹಿಡಿದ. ಆಮೇಲೆ ಗುಟುಕು ಗುಟುಕಾಗಿ ನೀರು ಕುಡಿಸಿದ. ಹತ್ತು ಹದಿನೈದು ನಿಮಿಷದಲ್ಲಿ ಕಬ್ಬಿನ ಗದ್ದೆ ಮತ್ತೆ ಹಸಿರಾಯಿತು.

"ಸುತ್ತ ಇಷ್ಟೊಂದು ಸಕ್ಕರೆ ಬೆಳೆದಿದೆ, ನಿಮ್ಮಲ್ಲೇ ಸಕ್ಕರೆ ಇಲ್ಲ ನೋಡಿ" ಎಂದು ನಗಲು ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು.

"ಅಪ್ಪನಿಗೆ ಫೋನ್ ಮಾಡಬೇಡ್ವೋ. ಇನ್ನು ಸೈಕಲ್ ಮುಟ್ಟೋಕೆ ಬಿಡಲ್ಲ" ಎಂದೆ.

"ಮಾಡ್ತೀನಿ ತಾತ" ಎಂದ. ಮಾಡಿಯೇಬಿಟ್ಟ.

ಮಗ ಕಾರಿನಲ್ಲಿ ಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತು ಹುಣಸೆಮರದ ಕೆಳಗೆ ಕುಳಿತೆವು. ಅವನ ಚೀಲದಲ್ಲಿ ಬಾಳೆಹಣ್ಣೂ ಇದ್ದವು. ನಾನು ಹತ್ತು ರೂಪಾಯಿಯ ಲೆಕ್ಕ ಹೇಳಿದ ಮೇಲೆ ಹೋಗಿ ತಂದಿದ್ದನಂತೆ. ಒಂದು ಹಣ್ಣು ತಿಂದೆ, ಆಮೇಲೆ ನಿಧಾನಕ್ಕೆ ಎರಡು ಕೋಡುಬಳೆ. ಈಗ ಅವು ರುಚಿಯಾಗಿದ್ದವು. ಅವನೂ ತಿಂದ.

ಮಗ ಬಂದವನು ನನ್ನನ್ನು ಬಯ್ಯಲಿಲ್ಲ, ಸುಮ್ಮನೆ ಕೈ ಹಿಡಿದು ಕಾರಿನಲ್ಲಿ ಕೂರಿಸಿದ. ಮೊಮ್ಮಗನೂ ಸೈಕಲ್ ಮಡಿಸಿಡಲು ಬಂದ. ತಿಂಗಳಿಂದ ಆ ಏರಿನ ಕನಸು ಕಂಡ ಹುಡುಗ. "ನೀನು ಹತ್ತು ಪುಟ್ಟ, ನಾವು ಹಿಂದೆ ಬರ್ತೀವಿ" ಎಂದೆ. ಒಂದು ಬಾಳೆಹಣ್ಣು, ಒಂದು ಜೆಲ್ ಹೊಟ್ಟೆಗಿಳಿಸಿ ಹತ್ತಿಯೇಬಿಟ್ಟ. ಖಾಲಿ ಪೊಟ್ಟಣವನ್ನು ಎಸೆಯದೆ ಜೇಬಿಗೆ ಹಾಕಿಕೊಂಡದ್ದನ್ನು ಕಾರಿನಿಂದಲೇ ನೋಡಿದೆ. ಮೇಲುಕೋಟೆಯಲ್ಲಿ ಎಲ್ಲರೂ ಪುಳಿಯೋಗರೆ ತಿಂದೆವು.

ಮರುದಿನ ವೈದ್ಯರು ಮಾತ್ರ ಚೆನ್ನಾಗಿ ಬಯ್ದರು. ಮಾತ್ರೆ ನುಂಗಿ, ಊಟ ಬಿಟ್ಟು, ಮೂರು ಗಂಟೆ ಸೈಕಲ್ ತುಳಿದರೆ ರಕ್ತದ ಸಕ್ಕರೆ ಕುಸಿಯದೆ ಇರುತ್ತದೆಯೇ ಎಂದರು. ನಡುಕ, ಬೆವರು, ಕಾರಣವಿಲ್ಲದ ಸಿಟ್ಟು ಅದರ ಸೂಚನೆಗಳು. ಆಗ ಬೇಗ ರಕ್ತಕ್ಕೆ ಸೇರುವ ಸಿಹಿ 15 ಗ್ರಾಂ ತೆಗೆದುಕೊಂಡು 15 ನಿಮಿಷ ಕಾಯಬೇಕು, ಸರಿಹೋಗದಿದ್ದರೆ ಮತ್ತೊಮ್ಮೆ ತೆಗೆದುಕೊಳ್ಳಬೇಕು. ಅದಕ್ಕೆ ಜೆಲ್ಲೇ ಆಗಬೇಕೆಂದಿಲ್ಲ. ಮೂರು ಚಮಚ ಸಕ್ಕರೆ, ಗ್ಲೂಕೋಸ್ ಪುಡಿ, ಹಣ್ಣಿನ ರಸ ಯಾವುದಾದರೂ ಸರಿ. ನನ್ನ ಬಳಿ ಇವು ಯಾವುದೂ ಇರಲಿಲ್ಲ. ಮಾತ್ರೆಯನ್ನು ಎಷ್ಟು, ಯಾವಾಗ ಎಂಬುದನ್ನು ಸವಾರಿಗೆ ಮುಂಚೆ ತಮ್ಮನ್ನು ಕೇಳಬೇಕೆಂದೂ ತಾಕೀತು ಮಾಡಿದರು. ನನ್ನಂತೆ ಮಾತ್ರೆ ನುಂಗುವ ಅಜ್ಜ ಅಜ್ಜಿಯರು ಇದನ್ನು ನೆನಪಿಡಬೇಕು. ಮೊಮ್ಮಕ್ಕಳಿಗೂ ಹೇಳಿಕೊಟ್ಟಿರಬೇಕು.

ಹಾಗೆಂದು ಬಾಳೆಹಣ್ಣಿನ ಲೆಕ್ಕ ತಪ್ಪಾಗಿರಲಿಲ್ಲ. 2012ರಲ್ಲಿ ಅಮೆರಿಕದ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯದವರು 14 ಸೈಕಲ್ ಪಟುಗಳನ್ನು 75 ಕಿಲೋಮೀಟರು ಓಡಿಸಿ ನೋಡಿದ್ದಾರೆ. ಒಮ್ಮೆ ಬಾಳೆಹಣ್ಣು, ಒಮ್ಮೆ ಕ್ರೀಡಾಪಟುಗಳ ಸಕ್ಕರೆ ಪಾನೀಯ ಕೊಟ್ಟರು. ಓಟದ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಳೆಹಣ್ಣು ತಿಂದಾಗ ಹೊಟ್ಟೆ ಭಾರವೆನಿಸಿತು, ಅಷ್ಟೇ. ಟೂರ್ ಡಿ ಫ್ರಾನ್ಸ್‌ನಂಥ ದೊಡ್ಡ ಪಂದ್ಯದ ಸವಾರರೂ ಜೆಲ್ ಜತೆಗೆ ಅನ್ನವನ್ನು ಒತ್ತಿ ಮಾಡಿದ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ತಿನ್ನುತ್ತಾರೆ.

ಈಗ ತಿಂಗಳಿಗೊಮ್ಮೆ ಚಿಕ್ಕ ಸವಾರಿ, ಶ್ರೀರಂಗಪಟ್ಟಣದವರೆಗೆ ಮಾತ್ರ. ಇಡ್ಲಿ ತಿಂದೇ ಹೊರಡುತ್ತೇನೆ. ಚೀಲದಲ್ಲಿ ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ, ನಿಂತಾಗ ತಿನ್ನಲು ಕೋಡುಬಳೆ. ಅವತ್ತು ಉಳಿದ ಮೂರನೇ ಜೆಲ್ ಪೊಟ್ಟಣ ನನ್ನ ಅಂಗಿ ಜೇಬಿನಲ್ಲಿ, ಹಿಂದೆ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದ ಜಾಗದಲ್ಲಿದೆ. ಹೊರಡುವ ಮುಂಚೆ ಮೊಮ್ಮಗ ಬಂದು ಆ ಜೇಬು ಮುಟ್ಟಿ ನೋಡುತ್ತಾನೆ. ಹಿಂದೆ ಸಂಜೆ ಬೀಗ ಹಾಕುವ ಮುಂಚೆ ಮ್ಯಾನೇಜರರು ಬಂದು ನನ್ನ ಕ್ಯಾಷ್ ನೋಡುತ್ತಿದ್ದರಲ್ಲ, ಹಾಗೆ.