ಗೋಸುಂಬೆಯ ಕಣ್ಣು



ಮಾತು ಬದಲಿಸುವವರನ್ನು ನಾವೆಲ್ಲ ‘ಗೋಸುಂಬೆ’ ಅಂತ ಬೈಯುತ್ತೇವೆ. ಎಲೆಕ್ಷನ್ ಬಂತೆಂದರೆ ಈ ಮಾತು ದಿನಾ ಕಿವಿಗೆ ಬೀಳುತ್ತದೆ. ಆದರೆ ನಿಜವಾದ ಗೋಸುಂಬೆಯನ್ನು ಹತ್ತಿರದಿಂದ ನೋಡಿದವರು ನಮ್ಮ ತರಗತಿಯಲ್ಲಿ ಎಷ್ಟು ಜನ? ಬೇಲಿ ಮೇಲೆ ಕೂತು ತಲೆ ಆಡಿಸುವುದು ಓತಿಕ್ಯಾತ. ಅದು ಬೇರೆ, ಇದು ಬೇರೆ. ಗೋಸುಂಬೆಗೆ ಸುರುಳಿ ಸುತ್ತುವ ಬಾಲ, ಇಕ್ಕಳದಂತೆ ಕೊಂಬೆ ಹಿಡಿಯುವ ಪಾದ, ಹೊಂಗೆ ಎಲೆಯಂಥ ಹಸಿರು ಮೈ. ತೆಲುಗು ಮಾತಾಡುವ ನಮ್ಮಜ್ಜಿ ಅದನ್ನು ‘ಊಸರವೆಲ್ಲಿ’ ಅನ್ನುತ್ತಾರೆ. ಪ್ರಪಂಚದಲ್ಲಿ 200ಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿವೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಡಗಾಸ್ಕರ್ ದ್ವೀಪದಲ್ಲೇ ಇವೆ. ನಮ್ಮ ಭಾರತದಲ್ಲಿರುವುದು ಒಂದೇ ಜಾತಿ. ಅದು ನಮ್ಮ ನಂದಿ ಸೀಮೆಯ ಕುರುಚಲು ಕಾಡಿನಲ್ಲೂ ತೋಪಿನಲ್ಲೂ ಇದೆ ಎಂಬುದು ಹೆಮ್ಮೆಯ ವಿಷಯ.

ಅದರ ಮೈಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ಬಣ್ಣವಲ್ಲ, ಕಣ್ಣು. ಮೇಲಿನ ರೆಪ್ಪೆ ಕೆಳಗಿನ ರೆಪ್ಪೆ ಕೂಡಿಕೊಂಡು ಪುಟ್ಟ ಗೋಪುರದ ಹಾಗೆ ಹೊರಗೆ ಚಾಚಿರುತ್ತವೆ. ತುದಿಯಲ್ಲಿ ರಾಗಿಕಾಳಿನಷ್ಟು ಕಿಂಡಿ. ಒಂದು ಕಣ್ಣು ಮುಂದೆ ನೋಡುತ್ತಿದ್ದರೆ ಇನ್ನೊಂದು ಹಿಂದೆ ನೋಡುತ್ತಿರುತ್ತದೆ. ಹುಳ ಕಂಡರೆ ಮಾತ್ರ ಎರಡೂ ಒಂದೇ ಕಡೆ ತಿರುಗಿ, ದೂರ ಅಳೆದು, ನಾಲಿಗೆಯನ್ನು ಬಾಣದಂತೆ ಬಿಡುತ್ತದೆ. ಅದಕ್ಕೆ ಓಡಿ ಬೇಟೆಯಾಡಲು ಬರುವುದಿಲ್ಲ. ಬೆಕ್ಕು ನಾಯಿಯಂತೆ ವಾಸನೆ ಹಿಡಿದು ಹುಡುಕುವುದೂ ಇಲ್ಲ. ಅದರ ಅನ್ನವೆಲ್ಲ ಕಣ್ಣಿನಿಂದಲೇ. ಕಣ್ಣು ಮುಚ್ಚಿತು ಅಂದ್ರೆ ಹೊಟ್ಟೆ ಖಾಲಿ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ಕಣ್ಣಾರೆ ಕಂಡೆ. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಒಬ್ಬ ಅಣ್ಣ ಹಿಪ್ಪುನೇರಳೆ ತೋಟದ ಹತ್ತಿರ ರಸ್ತೆ ದಾಟುತ್ತಿದ್ದ ಗೋಸುಂಬೆಯನ್ನು ಹಿಡಿದು ತಂದರು. ಮಳೆ ಬಿದ್ದ ಮೇಲೆ ಜೋಡಿ ಹುಡುಕಲು, ಮಣ್ಣಿನಲ್ಲಿ ಮೊಟ್ಟೆ ಇಡಲು ಅವು ಮರದಿಂದ ಕೆಳಗಿಳಿಯುತ್ತವೆ. ಬಣ್ಣ ಬದಲಾಯಿಸುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಬೇಕು ಅಂತ ಅಣ್ಣನಿಗೆ ಆಸೆ. ಮೀನು ಸಾಕುವ ಹಳೇ ಗಾಜಿನ ತೊಟ್ಟಿಯಲ್ಲಿ ಬಿಟ್ಟು, ಮೇಲೆ ಹಲಗೆ ಮುಚ್ಚಿ, ರೇಷ್ಮೆ ಹುಳುವಿನ ಮನೆಯ ಮೂಲೆಯಲ್ಲಿಟ್ಟರು. ಒಂದು ಬಟ್ಟಲಲ್ಲಿ ನೀರು ಇಟ್ಟರು. ಹತ್ತಿರದಲ್ಲೇ ಬಿಸಿ ಬಲ್ಬು ನೇತುಹಾಕಿದರು. ದಿನಾ ಮಿಡತೆ ಹಾಕುತ್ತಿದ್ದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಪ್ರೀತಿಯಿಂದಲೇ ಮಾಡಿದ್ದು.

ಬೀದಿಯ ಮಕ್ಕಳೆಲ್ಲ ನೋಡಲು ಹೋಗುತ್ತಿದ್ದೆವು. ನಾಲ್ಕನೇ ದಿನ ಅದರ ಬಲಗಣ್ಣು ಊದಿಕೊಂಡಿತು. ಆರನೇ ದಿನ ಎರಡೂ ಕಣ್ಣು ಮುಚ್ಚಿತ್ತು. ಮೈ ಕಪ್ಪಾಗಿತ್ತು. ಮಿಡತೆ ಅದರ ಬೆನ್ನ ಮೇಲೆಯೇ ಹತ್ತಿ ಇಳಿಯುತ್ತಿತ್ತು, ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. “ನಿದ್ದೆ ಮಾಡ್ತೈತೆ ಬಿಡಮ್ಮ” ಅಂದರು ಅಣ್ಣ. “ಇಲ್ಲಣ್ಣ, ರಾತ್ರಿ ಮಾತ್ರ ನಿದ್ದೆ ಮಾಡೋದು. ಹಗಲಲ್ಲಿ ಕಣ್ಣು ಮುಚ್ಚಿದ್ರೆ ಕಾಯಿಲೆ ಅಂತ ನಮ್ ಸೈನ್ಸ್ ಮೇಷ್ಟ್ರು ಹೇಳಿದಾರೆ” ಅಂದೆ. ಅಜ್ಜಿ ನಂದಿಬಟ್ಟಲು ಹೂವಿನ ರಸ ಬಿಡಿ ಎಂದರು. ಪಕ್ಕದ ಮನೆಯವರು ಎದೆಹಾಲು ಬಿಡಿ ಎಂದರು. ಇನ್ನೊಬ್ಬರು “ಅದು ವಿಷದ ಪ್ರಾಣಿ, ಸಾಯ್ಲಿ ಬಿಡಿ” ಎಂದರು. ನನಗೆ ಅಳು ಬಂತು. ಅಣ್ಣನಿಗೂ ಮನಸ್ಸು ಕರಗಿತು. ರಂಧ್ರ ಮಾಡಿದ ರಟ್ಟಿನ ಡಬ್ಬಿಯಲ್ಲಿ ಎಲೆ ಹಾಕಿ, ಅದನ್ನು ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದೆವು.

ಡಾಕ್ಟರು ಮೊದಲು ಕಣ್ಣು ನೋಡಲಿಲ್ಲ. “ಎಲ್ಲಿ ಇಟ್ಟಿದ್ರಿ ಇದನ್ನ?” ಅಂತ ಕೇಳಿದರು. ಅಣ್ಣ ಎಲ್ಲ ಹೇಳಿದರು. ಆಗ ಡಾಕ್ಟರು ಒಂದೊಂದಾಗಿ ವಿವರಿಸಿದರು. ರೇಷ್ಮೆ ಹುಳು ಜ್ವರಕ್ಕೆ ಕೂತಾಗ ನಾವು ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವಲ್ಲ, ಆ ಪುಡಿ ಗಾಳಿಯಲ್ಲಿ ಹಾರಿ ಹಲಗೆ ಸಂದಿಯಿಂದ ಒಳಗೆ ಬೀಳುತ್ತದೆ. ಮನೆ ತೊಳೆಯುವ ಬ್ಲೀಚಿಂಗ್ ಪೌಡರಿನ ಘಾಟು ನಮ್ಮ ಕಣ್ಣಿಗೇ ಉರಿ ತರುತ್ತದೆ, ಇನ್ನು ಅದರ ಗತಿ ಏನು? ಗೋಸುಂಬೆ ಕಣ್ಣಿಗೆ ಕಸ ಬಿದ್ದರೆ ಕಣ್ಣುಗುಡ್ಡೆಯನ್ನು ರೆಪ್ಪೆಯೊಳಗೇ ತಿರುಗಿಸಿ ತಿರುಗಿಸಿ ತಾನೇ ತೊಳೆದುಕೊಳ್ಳುತ್ತದೆ. ಆದರೆ ಅದಕ್ಕೆ ಮೈಯಲ್ಲಿ ನೀರಿರಬೇಕು. ಬಟ್ಟಲಲ್ಲಿ ನಿಂತ ನೀರು ಸಾಮಾನ್ಯವಾಗಿ ಅದಕ್ಕೆ ನೀರೆಂದೇ ತಿಳಿಯುವುದಿಲ್ಲ. ಎಲೆಯ ಮೇಲಿನ ಇಬ್ಬನಿ, ಮಳೆಹನಿ ನೆಕ್ಕಿ ಕುಡಿಯುವ ಪ್ರಾಣಿ ಅದು. ಬಾಯಾರಿಕೆ ಜಾಸ್ತಿಯಾದರೆ ಕಣ್ಣು ಗುಳಿ ಬೀಳುತ್ತದೆ, ಸೋಂಕಾದರೆ ಊದುತ್ತದೆ. ಒಂದೇ ಥರದ ಹುಳ ತಿನ್ನಿಸುತ್ತಾ ಹೋದರೆ ವಿಟಮಿನ್ ‘ಎ’ ಕಡಿಮೆಯಾಗಿಯೂ ಕಣ್ಣು ಊದುವುದುಂಟಂತೆ.

ಅವರು ಸಲೈನ್ ಹನಿ ಬಿಟ್ಟು ನಿಧಾನವಾಗಿ ಕಣ್ಣು ತೊಳೆದರು. ರೆಪ್ಪೆಯೊಳಗಿಂದ ಬಿಳೀ ಪುಡಿ ಬಂತು. ನಾವೆಲ್ಲ ನೋಡಿದೆವು. ಆಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗೋಸುಂಬೆಯನ್ನು ಹಿಡಿಯುವುದೂ ತಪ್ಪು, ಮನೆಯಲ್ಲಿ ಸಾಕುವುದೂ ತಪ್ಪು, ಮಾರುವುದೂ ತಪ್ಪು. ಈ ಮಾತು ಕೇಳಿ ಅಣ್ಣನ ಮುಖ ಬಾಡಿತು. “ತಂದು ಒಪ್ಪಿಸಿದ್ದು ಒಳ್ಳೇದಾಯ್ತು ಕಣಪ್ಪ” ಎಂದು ಡಾಕ್ಟರೇ ಸಮಾಧಾನ ಹೇಳಿದರು.

ಹೊರದೇಶಗಳಲ್ಲಿ ಯೆಮೆನ್, ಮಡಗಾಸ್ಕರ್ ಕಡೆಯ ಜಾತಿಗಳನ್ನು ಸಾಕುವವರಿದ್ದಾರೆ. ಹಾಗೆ ಸಾಕುವವರು, ಗಾಯಗೊಂಡದ್ದನ್ನು ಆರೈಕೆ ಮಾಡುವ ಇಲಾಖೆಯವರು ಪಾಲಿಸುವ ಕ್ರಮವನ್ನೂ ಡಾಕ್ಟರು ಹೇಳಿದರು. ಅದನ್ನು ಇಲ್ಲಿ ಬರೆಯುತ್ತೇನೆ:

1. ಗೂಡಿಗೆ ಗಾಜು ಬೇಡ, ಜಾಲರಿ ಬೇಕು. ಗಾಳಿ ಆಡಬೇಕು. ಗಾಜಿನಲ್ಲಿ ತನ್ನ ಬಿಂಬ ಕಂಡರೆ ಶತ್ರು ಅಂತ ಹೆದರುತ್ತದೆ.
2. ಗೂಡು ಅಗಲಕ್ಕಿಂತ ಎತ್ತರ ಹೆಚ್ಚಿರಬೇಕು. ಒಳಗೆ ಕೊಂಬೆ, ಹಸಿರು ಎಲೆ, ಅಡಗಿಕೊಳ್ಳಲು ಜಾಗ ಇರಬೇಕು.
3. ದಿನಕ್ಕೆ ಎರಡು ಮೂರು ಸಲ ಎಲೆಗಳ ಮೇಲೆ ನೀರು ಚಿಮುಕಿಸಬೇಕು. ಆಮೇಲೆ ಗೂಡು ಒಣಗಬೇಕು, ಸದಾ ಒದ್ದೆ ಇದ್ದರೆ ಸೋಂಕು.
4. ಒಂದು ಕಡೆ ಎಳೆಬಿಸಿಲು, ಒಂದು ಕಡೆ ನೆರಳು. ತನಗೆ ಬೇಕಾದ್ದನ್ನು ಅದೇ ಆರಿಸಿಕೊಳ್ಳುತ್ತದೆ.
5. ಧೂಳು, ಹೊಗೆ, ಸುಣ್ಣ, ಊದುಬತ್ತಿ, ಸೊಳ್ಳೆಬತ್ತಿ ಹತ್ತಿರ ಇರಬಾರದು.
6. ಒಂದು ಗೂಡಿಗೆ ಒಂದೇ ಗೋಸುಂಬೆ. ಪದೇಪದೇ ಮುಟ್ಟಬಾರದು.
7. ಕಣ್ಣಿಗೆ ಸೊಪ್ಪಿನ ರಸ, ಹಾಲು, ನಮ್ಮ ಮನೆಯ ಕಣ್ಣಿನ ಔಷಧಿ ಯಾವುದನ್ನೂ ಬಿಡಬಾರದು. ಡಾಕ್ಟರೇ ನೋಡಬೇಕು.

ಈ ಏಳನ್ನೂ ಓದಿ ನೋಡಿ. ಗಾಳಿ, ಎತ್ತರ, ಎಲೆ, ಇಬ್ಬನಿ, ಬಿಸಿಲು, ನೆರಳು. ಇವೆಲ್ಲ ದುಡ್ಡಿಲ್ಲದೆ ಸಿಗುವ ಜಾಗ ನಮ್ಮೂರ ಹೊಂಗೆ ಮರ. ಹಾಗಿರುವಾಗ ಗೂಡು ಏಕೆ ಬೇಕು ಅಂತ ನನಗೆ ಅನ್ನಿಸುತ್ತದೆ.

ಇಲಾಖೆಯವರು ನಾಲ್ಕು ದಿನ ಜಾಲರಿ ಗೂಡಿನಲ್ಲಿಟ್ಟು ಡಾಕ್ಟರಿಂದ ಔಷಧಿ ಹಾಕಿಸಿದರು. ಐದನೇ ದಿನ ಅದನ್ನು ಬೆಟ್ಟದ ತಪ್ಪಲಿನ ಕುರುಚಲಿನಲ್ಲಿ ಬಿಡುವಾಗ ಅಣ್ಣನನ್ನೂ ನನ್ನನ್ನೂ ಕರೆದರು. ಎಡಗಣ್ಣು ಪೂರ್ತಿ ತೆರೆದಿತ್ತು. ಬಲಗಣ್ಣು ಸ್ವಲ್ಪ ಚಿಕ್ಕದಾಗಿತ್ತು, ಆದರೆ ತಿರುಗುತ್ತಿತ್ತು. ಕೊಂಬೆ ಹಿಡಿದು, ಗಾಳಿಗೆ ಆಡುವ ಎಲೆಯ ಹಾಗೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗುತ್ತಾ ನಡೆಯಿತು. ಸ್ವಲ್ಪ ಹೊತ್ತಿಗೆ ಹಸಿರಾಯಿತು. ಎಷ್ಟೋ ಹೊತ್ತು ನೋಡಿದರೂ ನಮಗೆ ಮತ್ತೆ ಕಾಣಲಿಲ್ಲ. ಅಣ್ಣ ಅವತ್ತು ವಿಡಿಯೋ ತೆಗೆಯಲೇ ಇಲ್ಲ.

ಗೆಳೆಯರೇ, ಗೋಸುಂಬೆಗೆ ವಿಷವಿಲ್ಲ. ಅದು ನೋಡಿದರೆ ಕೇಡು ಎಂಬುದೂ ಸುಳ್ಳು. ಅದು ಮಿಡತೆ, ನೊಣ ತಿಂದು ಬದುಕುವ ರೈತನ ಮಿತ್ರ. ಕಂಡರೆ ಕಲ್ಲು ಹೊಡೆಯಬೇಡಿ. ರಸ್ತೆಯಲ್ಲಿ ಸಿಕ್ಕರೆ ಒಂದು ಕೋಲು ಮುಂದೆ ಹಿಡಿಯಿರಿ, ತಾನೇ ಹತ್ತಿಕೊಳ್ಳುತ್ತದೆ. ಅದು ಹೋಗುತ್ತಿದ್ದ ಕಡೆಯ ಗಿಡಕ್ಕೆ ಬಿಡಿ. ಗಾಯವಾಗಿದ್ದರೆ, ಹಗಲಲ್ಲಿ ಕಣ್ಣು ಮುಚ್ಚಿದ್ದರೆ ಮೇಷ್ಟ್ರಿಗೆ ಹೇಳಿ, ಅರಣ್ಯ ಇಲಾಖೆಗೆ ತಿಳಿಸೋಣ. ಮನೆಗೆ ಮಾತ್ರ ತರಬೇಡಿ.

 

— 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ